ಗೂಗಲ್‌ನಲ್ಲಿ ಫಸ್ಟ್ ಬರ್ತೀರಿ ಅನ್ನೋ ಗ್ಯಾರಂಟಿಗೆ ದುಡ್ಡು ಕೊಡಬೇಡಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಹೇಳ್ತೀನಿ, ನನಗೆ ಈ ಗ್ಯಾರಂಟಿ ಮಾರಿದ ಜನ ಈಗ ಗುಬ್ಬಿ, ತುರುವೇಕೆರೆ ಕಡೆ ಅಂಗಡಿ ಅಂಗಡಿ ಸುತ್ತುತ್ತಿದ್ದಾರಂತೆ.

ತಿಪಟೂರಿನಲ್ಲಿ ನಮ್ಮದು ಚಿಕ್ಕ ಮರದ ಗಾಣ. ಕೊಬ್ಬರಿ ಎಣ್ಣೆಯನ್ನು ಬೆಂಗಳೂರಿಗೂ ಕಳಿಸೋಣ ಅಂತ ವೆಬ್‌ಸೈಟ್ ಮಾಡಿಸಿದೆ. "ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ನೀವೇ ಫಸ್ಟ್, ಗ್ಯಾರಂಟಿ" ಅಂದರು ಸೈಟ್ ಮಾಡಿಕೊಟ್ಟವರು. 26,000 ರೂಪಾಯಿ ಮೊದಲೇ ಕಟ್ಟಿದೆ. ಜಿಎಸ್‌ಟಿ ಬಿಲ್ ಕೇಳಿದೆ. ಇವತ್ತಿಗೂ ಬಂದಿಲ್ಲ.

ಮೂರನೇ ತಿಂಗಳು ವಾಟ್ಸಾಪ್‌ಗೆ ಒಂದು ಸ್ಕ್ರೀನ್‌ಶಾಟ್ ಬಂತು. ಎಲ್ಲರಿಗಿಂತ ಮೇಲೆ ನಮ್ಮ ಗಾಣ! ಅಪ್ಪನಿಗೆ ತೋರಿಸಿದೆ. ನೆಂಟರ ಗ್ರೂಪಿಗೂ ಹಾಕಿದೆ. ಬಾಕಿ 12,000 ಅವತ್ತೇ ಕಳಿಸಿದೆ. ಆರ್ಡರ್ ಮಾತ್ರ ಒಂದೂ ಇಲ್ಲ.

ಪಿಯುಸಿ ಓದುವ ತಂಗಿ ಮಗಳು ಆ ಚಿತ್ರ ದೊಡ್ಡದು ಮಾಡಿ ನೋಡಿದಳು. "ಮಾವ, ಇಲ್ಲಿ ಹುಡುಕಿರೋದೇ ನಿಮ್ಮ ಗಾಣದ ಹೆಸರು." ಎದೆ ಧಸಕ್ಕೆಂದಿತು. ನಮ್ಮ ಹೆಸರು ಹೊಡೆದರೆ ನಮ್ಮದೇ ತಾನೆ ಬರೋದು? ಹೆಸರು ಗೊತ್ತಿರುವವರು ಸೀದಾ ಫೋನೇ ಮಾಡ್ತಾರೆ. ಗೊತ್ತಿಲ್ಲದವರು ಹುಡುಕೋದು "ಗಾಣದ ಕೊಬ್ಬರಿ ಎಣ್ಣೆ" ಅಂತ. ಹಾಗೆ ಹುಡುಕಿದೆವು. ಐದು ಪುಟ ದಾಟಿದರೂ ನಾವಿಲ್ಲ.

ಫೋನ್ ಮಾಡಿದೆ. "ಫಸ್ಟ್ ಬಂತಲ್ಲ ಸರ್?" ಅಂದರು. ಹೆಸರು ಹೊಡೆದರೆ ಬರದೆ ಇರುತ್ತಾ ಅಂದೆ. "ಯಾವ ಪದಕ್ಕೆ ಅಂತ ನೀವು ಕೇಳಲೇ ಇಲ್ವಲ್ಲ." ಈ ಮಾತು ಇನ್ನೂ ಕಿವಿಯಲ್ಲಿದೆ. ಕೇಳಬೇಕಿತ್ತಂತೆ ನಾನು! ಆಮೇಲೆ "ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಮೇಲೆ ತರೋ ಕೆಲಸ) ನಿಧಾನ ಸರ್, ಇನ್ನು ಆರು ತಿಂಗಳ ಪ್ಯಾಕೇಜ್ ತಗೊಳ್ಳಿ" ಅಂದರು. ಬೇಡ, ಸೈಟ್ ನನ್ನ ಕೈಗೆ ಕೊಡಿ ಅಂದೆ. ಆಗ ಗೊತ್ತಾಯಿತು, ಡೊಮೇನ್, ಅಂದರೆ ಸೈಟಿನ ವಿಳಾಸ, ಅವರ ಹೆಸರಲ್ಲಿದೆ. ಬಿಟ್ಟುಕೊಡೋಕೆ 15,000 ಅಂತೆ. ವರ್ಷಕ್ಕೆ ಸಾವಿರದ ಆಸುಪಾಸು ಬೀಳುವ ವಿಳಾಸಕ್ಕೆ!

ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್ಲೇ ಬರೆದಿದೆ. ಯಾವ ಪದಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲೇ ತಗೊಳ್ಳಿ. ಗೂಗಲ್‌ನ ಸರ್ಚ್ ಕನ್ಸೋಲ್ ತೋರಿಸಿ ಅನ್ನಿ, ಯಾವ ಪದ ಹುಡುಕಿ ಜನ ಬಂದರು ಅಂತ ಅದರಲ್ಲಿ ಕಾಣುತ್ತೆ. ಅದು ಪುಕ್ಕಟೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸೋದೂ ಪುಕ್ಕಟೆ. ತಂಗಿ ಮಗಳು ಒಂದು ಸಂಜೆ ಕೂತು ಸೇರಿಸಿದಳು. ಈಗ ಶಿವಮೊಗ್ಗ ಕಡೆ ಹೋಗುವವರು ಅದನ್ನೇ ನೋಡಿಕೊಂಡು ಬರ್ತಿದ್ದಾರೆ.

ಸೈಟಿನ ಹಳೆ ವಿಳಾಸ ಇನ್ನೂ ಅವರ ಹತ್ತಿರವೇ ಇದೆ. ಅದನ್ನೇ ಅಚ್ಚು ಹಾಕಿಸಿದ ಎರಡು ಸಾವಿರ ಲೇಬಲ್ ಮನೆಯಲ್ಲಿವೆ. ಅಮ್ಮ ದಿನಾ ಕೂತು ಒಂದೊಂದರ ಮೇಲೂ ಚೀಟಿ ಅಂಟಿಸುತ್ತಿದ್ದಾರೆ.