ಬೆಲ್‌ಫಾಸ್ಟ್: ಶಾಂತಿ ಗೋಡೆಯ ಎರಡೂ ಬದಿಗೆ ಕಾಲ್ನಡಿಗೆ ಪ್ರವಾಸ

ಉತ್ತರ ಐರ್ಲೆಂಡ್‌ನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಎರಡು ಸಮುದಾಯಗಳ ಬಡಾವಣೆಗಳನ್ನು ಬೇರ್ಪಡಿಸುವ ತಡೆಗೋಡೆಯೇ ‘ಶಾಂತಿ ಗೋಡೆ’. ಈ ಪ್ರವಾಸದ ಹಿರಿಮೆಯೆಂದರೆ, ಐರಿಷ್ ರಾಷ್ಟ್ರೀಯವಾದಿ ಕ್ಯಾಥೊಲಿಕರ ಫಾಲ್ಸ್ ರಸ್ತೆಯನ್ನು ಆ ಬದಿಯ ಮಾಜಿ ರಾಜಕೀಯ ಕೈದಿಯೊಬ್ಬರು ತೋರಿಸಿ, ಗೋಡೆಯ ದ್ವಾರದಲ್ಲಿ ನಮ್ಮನ್ನು ಬ್ರಿಟನ್‌ನಿಷ್ಠ ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆಯ ಮಾಜಿ ಕೈದಿಗೆ ಒಪ್ಪಿಸುವುದು. 1969ರಲ್ಲಿ ತಾತ್ಕಾಲಿಕವೆಂದು ಎಬ್ಬಿಸಿದ ತಡೆಗೋಡೆ ಸಂಘರ್ಷಕ್ಕೆ ತೆರೆ ಎಳೆದ 1998ರ ಶಾಂತಿ ಒಪ್ಪಂದದ ನಂತರವೂ ನಿಂತಿದೆ. ಕೆಲವು ದ್ವಾರಗಳನ್ನು ಈಗಲೂ ರಾತ್ರಿ ಮುಚ್ಚುತ್ತಾರೆ. ಒಪ್ಪಂದಕ್ಕೆ ಮುಂಚಿನ ಆ ದಶಕಗಳ ಹಿಂಸೆಯನ್ನು ಇಬ್ಬರು ಮಾರ್ಗದರ್ಶಕರೂ ತಮ್ಮ ತಮ್ಮ ಕಡೆಯ ಸತ್ತವರನ್ನು ನೆನೆಯುತ್ತಲೇ ವಿವರಿಸುತ್ತಾರೆ. ಎರಡು ಕಥನಗಳನ್ನು ಬೆಸೆದು ಒಂದಾಗಿಸುವ ಪ್ರಯತ್ನವನ್ನು ಆಯೋಜಕರು ಮಾಡದಿರುವುದು ನನಗೆ ಅತ್ಯಂತ ಪ್ರಾಮಾಣಿಕವೆನಿಸಿತು. ಕೊರತೆ ಒಂದಿದೆ: ಅಲ್ಲಿನ ಬಹುಪಾಲು ಮಕ್ಕಳು ಇಂದಿಗೂ ತಮ್ಮ ಸಮುದಾಯದ ಶಾಲೆಗಳಲ್ಲೇ ಓದುತ್ತಿದ್ದು, ಗೋಡೆಗಿಂತ ಆಳವಾದ ಈ ವಿಭಜನೆಗೆ ಭಿತ್ತಿಚಿತ್ರಗಳಿಗೆ ಕೊಟ್ಟಷ್ಟು ಸಮಯವನ್ನಾದರೂ ಕೊಡಬೇಕಿತ್ತು. ಆದರೂ ಟ್ಯಾಕ್ಸಿ ಪ್ರವಾಸಕ್ಕಿಂತ ಇದನ್ನೇ ಆರಿಸಿಕೊಳ್ಳಿರೆಂದು ಒತ್ತಾಯದಿಂದ ಹೇಳುತ್ತೇನೆ. ನಡಿಗೆ ದೀರ್ಘವಾದ್ದರಿಂದ ಮೊಣಕಾಲು ನೋವಿರುವವರು ಮೊದಲೇ ವಿಚಾರಿಸುವುದು ಒಳ್ಳೆಯದು.