ಇಂಜಿನ್ ಗೋಡೆಗೆ ಬೆನ್ನು ಕೊಟ್ಟು ಐದು ವರ್ಷ: ಡೆಮು ರೈಲಿನ ಅನುಭವ

ಚಿಕ್ಕಬಳ್ಳಾಪುರದಿಂದ ಯಲಹಂಕಕ್ಕೆ ಕೆಲಸಕ್ಕೆ ಹೋಗಿಬರುವ ನಾನು, ಕೊರೊನಾ ಕಾಲದ ತಿಂಗಳುಗಳನ್ನು ಬಿಟ್ಟರೆ, ಸುಮಾರು ಐದು ವರ್ಷ ಡೆಮು ರೈಲಿನ, ಅಂದರೆ ಡಬ್ಬಿಯೊಳಗೇ ಡೀಸೆಲ್ ಇಂಜಿನ್ ಇರುವ ಪ್ಯಾಸೆಂಜರ್ ಗಾಡಿಯ, ಇಂಜಿನ್ ಡಬ್ಬಿಯಲ್ಲಿಯೇ ಓಡಾಡಿದ್ದೇನೆ. ಈ ಡಬ್ಬಿಯ ಮೂತಿಯಲ್ಲಿ ಚಾಲಕರ ಕೋಣೆ, ಅದರ ಬೆನ್ನಿಗೆ ಇಂಜಿನ್ ಕೋಣೆ, ಆಮೇಲೆ ಒಂದು ಗೋಡೆ, ಗೋಡೆಯ ಈಚೆಗೆ ಪ್ರಯಾಣಿಕರಿಗೆಂದು ಉಳಿದ ಸಣ್ಣ ಜಾಗ. ಅನುಭವಸ್ಥರು ಅಲ್ಲಿ ಕೂರುವುದಿಲ್ಲ. ಬೇರೆಲ್ಲೂ ಜಾಗ ಸಿಗದೆ ಮೊದಲ ದಿನ ನಾನು ಅಲ್ಲಿ ಕುಳಿತೆ, ಯಲಹಂಕದಲ್ಲಿ ಇಳಿಯುವಾಗ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಆದರೂ ತಿಂಗಳ ಪಾಸಿನ ಬೆಲೆ ಬಸ್ಸಿನ ಒಂದು ವಾರದ ಖರ್ಚಿಗಿಂತ ಕಡಿಮೆಯಾದ್ದರಿಂದ ದೂರುವ ಅಧಿಕಾರ ನನಗಿಲ್ಲವೆಂದು ಸುಮ್ಮನಾದೆ.

ಮನಸ್ಸು ಬದಲಾದದ್ದು ಡಿಸೆಂಬರಿನಲ್ಲಿ. ನಂದಿ ಹಾಲ್ಟಿನ ಸುತ್ತ ಬೆಳಗಿನ ಮಂಜು ಕಿಟಕಿಯೊಳಗೇ ನುಗ್ಗುವ ಆ ದಿನಗಳಲ್ಲಿ ಇಡೀ ರೈಲಿನಲ್ಲಿ ಬೆಚ್ಚಗಿರುತ್ತಿದ್ದುದು ಆ ಗೋಡೆಯೊಂದೇ. ಅದಕ್ಕೆ ಬೆನ್ನು ಕೊಟ್ಟು ಕುಳಿತರೆ ಸ್ನಾನದ ಮನೆಯ ಹಂಡೆಯೊಲೆಯ ಪಕ್ಕ ಕುಳಿತಂತೆ ಹಿತವಾಗುತ್ತಿತ್ತು. ಸೇವಂತಿಗೆ ಕುಕ್ಕೆ ಹೊತ್ತು ಬರುವ ಹೆಂಗಸೊಬ್ಬರು ಚಳಿಗಾಲದಲ್ಲಿ ಮಾತ್ರ ಈ ಡಬ್ಬಿ ಹತ್ತುತ್ತಿದ್ದರು; "ಸ್ವಲ್ಪ ಸರ್ಕೊಳ್ಳಣ್ಣ, ಗೋಡೆ ನಿನ್ನೊಬ್ಬನದಾ?" ಎಂದು ಅವರು ಕೇಳಿದ ಮೇಲೆ ನಾವಿಬ್ಬರೂ ಅರ್ಧರ್ಧ ಹಂಚಿಕೊಂಡೆವು.

ರೈಲು ಹೊರಟ ಮೇಲೆ ಫ್ಲಾಸ್ಕಿನ ಕಾಫಿಯನ್ನು ಸ್ಟೀಲ್ ಲೋಟಕ್ಕೆ ಮುಕ್ಕಾಲು ಮಟ್ಟಕ್ಕಷ್ಟೇ ಬಗ್ಗಿಸಿ, ಲೋಟವನ್ನು ಮೊಣಕಾಲಿನ ಮೇಲಿಟ್ಟುಕೊಂಡು ನೋಡುವುದು ನನ್ನ ನಿತ್ಯದ ಅಭ್ಯಾಸವಾಗಿತ್ತು. ನಿಲ್ದಾಣದಲ್ಲಿ ಇಂಜಿನ್ ಸುಮ್ಮನೆ ಗುರುಗುಡುವಾಗ ಕಾಫಿಯ ಮೇಲೆ ದಪ್ಪ ಅಲೆಗಳೇಳುತ್ತವೆ. ಚಾಲಕರು ಒಂದೊಂದೇ ನಾಚ್ (ಇಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಯ ಮೆಟ್ಟಿಲು) ಏರಿಸಿದಂತೆ ಸದ್ದು ದೊಡ್ಡದಾಗುತ್ತದೆ, ಆದರೆ ಅಲೆಗಳು ಸಣ್ಣವಾಗಿ ಮೇಲ್ಮೈ ಬರೀ ನಡುಕವಾಗುತ್ತದೆ. ಮುಂದಿನ ನಿಲ್ದಾಣ ಒಂದೆರಡು ಕಿಲೋಮೀಟರ್ ಇರುವಾಗಲೇ ನಾಚ್ ಪೂರ್ತಿ ಇಳಿಯುತ್ತದೆ. ಅಲ್ಲಿಂದಾಚೆಗೆ ರೈಲು ಓಡುವುದು ಬರೀ ತನ್ನ ತೂಕದ ಓಟದಿಂದ. ಆ ಎರಡು ನಿಮಿಷ ಗಾಲಿಗಳ ಸದ್ದು, ಹೊರಗಿನ ದ್ರಾಕ್ಷಿ ತೋಟದಲ್ಲಿ ಯಾರೋ ಯಾರನ್ನೋ ಕರೆಯುವ ಸದ್ದು, ಎಲ್ಲವೂ ಒಮ್ಮೆಗೇ ಕೇಳಿಸತೊಡಗುತ್ತವೆ. ನಾನು ಕಾಫಿ ಕುಡಿಯುತ್ತಿದ್ದುದು ಆಗಲೇ.

ಒಂದು ವಿಷಯ ಮಾತ್ರ ಬಹಳ ದಿನ ನನ್ನನ್ನು ಕಾಡಿತು: ಇಂಜಿನ್ ಅಷ್ಟು ಅಬ್ಬರಿಸಿದರೂ ಬಸ್ಸಿನಂತೆ ಗೇರು ಬದಲಿಸುವ ಎಳೆತ ಎಲ್ಲಿಯೂ ಏಕಿಲ್ಲ? ಕಾರಣವೆಂದರೆ ಡೆಮುವಿನಲ್ಲಿ ಡೀಸೆಲ್ ಇಂಜಿನ್‌ಗೂ ಗಾಲಿಗೂ ನೇರ ಸಂಬಂಧವೇ ಇಲ್ಲ. 1400 ಅಶ್ವಶಕ್ತಿಯ ಆ ಇಂಜಿನ್ ಆಲ್ಟರ್ನೇಟರ್ ಒಂದನ್ನು ತಿರುಗಿಸಿ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟು ರೆಕ್ಟಿಫೈಯರ್ ಎಂಬ ಸಾಧನದ ಮೂಲಕ ಡಿಸಿಯಾಗಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಾಗಿ, ಗಾಲಿಯ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳನ್ನು ಸೇರುತ್ತದೆ. ಡೀಸೆಲ್ ಇಂಜಿನ್ ನಿಂತಲ್ಲಿಂದ ನೇರವಾಗಿ ಭಾರ ಎಳೆಯಲಾರದು, ಆದರೆ ಈ ಮೋಟಾರಿಗೆ ಅತಿ ಹೆಚ್ಚು ಎಳೆಯುವ ಬಲವಿರುವುದೇ ನಿಂತ ಸ್ಥಿತಿಯಲ್ಲಿ. ನಮ್ಮ ಗೋಡೆಯ ಆಚೆಗಿದ್ದುದು ತನ್ನ ಕರೆಂಟನ್ನು ತಾನೇ ತಯಾರಿಸಿಕೊಂಡು ಓಡುವ ಒಂದು ಸಣ್ಣ ವಿದ್ಯುತ್ ಕೇಂದ್ರ.

ಇಂಥದೇ ಇನ್ನೊಂದು ಇಂಜಿನ್ ಡಬ್ಬಿ ರೈಲಿನ ಹಿಂದಿನ ತುದಿಯಲ್ಲಿರುತ್ತದೆ. ಮುಂದಿನ ಚಾಲಕರು ಹಿಡಿ ತಿರುಗಿಸಿದರೆ ಡಬ್ಬಿಗಳ ನಡುವೆ ಹಾಯ್ದ ತಂತಿಗಳ ಮೂಲಕ ಅದೇ ಆದೇಶ ಹಿಂದಿನ ಇಂಜಿನ್‌ಗೂ ತಲುಪಿ, ಮುಂದಿನದು ಎಳೆಯುವಾಗ ಹಿಂದಿನದು ತಳ್ಳುತ್ತದೆ. ಕೊನೆಯ ನಿಲ್ದಾಣದಲ್ಲಿ ಇಂಜಿನ್ ಬಿಚ್ಚಿ ಸುತ್ತಿಸಿ ತರುವ ಕೆಲಸವಿಲ್ಲ. ಚಾಲಕರು ಚೀಲ ಹಿಡಿದು ಪ್ಲಾಟ್‌ಫಾರಂ ಮೇಲೆ ಇನ್ನೊಂದು ತುದಿಗೆ ನಡೆದರೆ ರೈಲು ತಿರುಗಿದಂತೆ. ಚೆನ್ನೈ ಪೆರಂಬೂರಿನ ರೈಲು ಡಬ್ಬಿ ಕಾರ್ಖಾನೆ 1994ರಿಂದ ಇವನ್ನು ತಯಾರಿಸಿದ್ದೇ ಹೀಗೆ ಹತ್ತಿರದ ಊರುಗಳ ನಡುವೆ ಪದೇ ಪದೇ ಹೋಗಿಬರುವುದಕ್ಕಾಗಿ.

ಇಷ್ಟೆಲ್ಲ ಮೆಚ್ಚಿದ ಮೇಲೆ ಏಪ್ರಿಲ್ ತಿಂಗಳ ಮಾತನ್ನೂ ಹೇಳಬೇಕು. ಚಳಿಗಾಲದ ಅದೇ ಗೋಡೆ ಬೇಸಿಗೆಯಲ್ಲಿ ಕಾದ ಕಾವಲಿ. ಒಂಟಿ ಹಳಿಯ ಮಾರ್ಗವಾದ್ದರಿಂದ ಎದುರು ಬರುವ ಗಾಡಿಗೆ ದಾರಿ ಬಿಟ್ಟು ನಿಲ್ಲುವುದು ಅನಿವಾರ್ಯ, ಆದರೆ ಕ್ರಾಸಿಂಗ್‌ನ ಅಷ್ಟೂ ಹೊತ್ತು ಇಂಜಿನ್ ಉರಿಯುತ್ತಲೇ ಇರುತ್ತದೆ. ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ, ದೀಪ, ಫ್ಯಾನು ಎಲ್ಲಕ್ಕೂ ಅದೇ ಆಧಾರವಾದ್ದರಿಂದ ಹಾಗೆ ಮಾಡುತ್ತಾರೆಂಬುದು ಗೊತ್ತಿದ್ದರೂ, ಗಾಳಿಯಾಡದ ಡಬ್ಬಿಯಲ್ಲಿ ಬೆವರುತ್ತ ಆ ಗುರುಗುಡುವಿಕೆಯನ್ನು ಕೇಳುವವನಿಗೆ ತಿಳಿವಳಿಕೆಯಿಂದ ಏನೂ ತಂಪಾಗುವುದಿಲ್ಲ. 2017ರಲ್ಲಿ ದೆಹಲಿಯಲ್ಲಿ ದೀಪ, ಫ್ಯಾನುಗಳಿಗಾಗಿ ಡಬ್ಬಿಗಳ ಚಾವಣಿಗೆ ಸೌರ ಫಲಕ ಹಾಕಿದ ಡೆಮು ಒಂದನ್ನು ಓಡಿಸಿದರೆಂದು ಓದಿದಾಗ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಶಬ್ದಕ್ಕಿಂತ ಕೆಟ್ಟದ್ದು ಹೊಗೆ. ಮುಂದಿನ ಡಬ್ಬಿಯಲ್ಲಿ ಇಂಜಿನ್ ನಮಗಿಂತ ಮುಂದಿರುವುದರಿಂದ ಅದು ಉಗುಳಿದ ಹೊಗೆ ಗಾಳಿಗೆ ಬಗ್ಗಿ ನಮ್ಮ ಕಿಟಕಿಗೇ ಬರುತ್ತದೆ. ಶನಿವಾರ ಒಗೆಯುವ ಅಂಗಿಯ ಕಾಲರಿನಲ್ಲಿ ಅದರ ವಾಸನೆ ಇರುತ್ತಿತ್ತು. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ತೆರೆದ ಹೊಸತರಲ್ಲಿ ಸೂಟ್‌ಕೇಸ್ ಹಿಡಿದು ನಮ್ಮ ಡಬ್ಬಿ ಹತ್ತಿದವರು, ಕರವಸ್ತ್ರವನ್ನು ಮೂಗಿಗಿಟ್ಟು ಮುಂದಿನ ನಿಲ್ದಾಣದಲ್ಲಿಯೇ ಡಬ್ಬಿ ಬದಲಿಸಿದ್ದನ್ನು ಕಂಡಿದ್ದೇನೆ.

ಇದಕ್ಕೆ ಪರಿಹಾರ ನನಗೆ ಹೊಳೆದದ್ದು ಮೂರನೆಯ ವರ್ಷದಲ್ಲಿ, ಅದೂ ಓಡಿಬಂದು ಕೊನೆಯ ಡಬ್ಬಿ ಹತ್ತಿದ ದಿನ. ಹಿಂದಿನ ಇಂಜಿನ್ ಡಬ್ಬಿಯಲ್ಲಿ ಪ್ರಯಾಣಿಕರ ಜಾಗ ಮುಂದೆ, ಇಂಜಿನ್ ಬಾಲದಲ್ಲಿ. ಗೋಡೆ ಅಷ್ಟೇ ಬೆಚ್ಚಗೆ, ಕಾಫಿಯ ಮೇಲಿನ ನಡುಕವೂ ಹಾಗೆಯೇ, ಆದರೆ ಹೊಗೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಎರಡು ವರ್ಷ ಸುಮ್ಮನೆ ಹೊಗೆ ಕುಡಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಅಲ್ಲಿಂದ ಬೆಳಿಗ್ಗೆ ಒಂದು ತುದಿ, ಸಂಜೆ ಇನ್ನೊಂದು ತುದಿ ಎಂದು ಪ್ಲಾಟ್‌ಫಾರಂ ಉದ್ದಕ್ಕೂ ನಡೆಯುವುದು ರೂಢಿಯಾಯಿತು.

ಈಗ ನಮ್ಮ ಮಾರ್ಗಕ್ಕೆ ವಿದ್ಯುತ್ ತಂತಿ ಬಂದು, ಆ ತಂತಿಯ ಕರೆಂಟಿನಿಂದಲೇ ಓಡುವ ಮೆಮು ರೈಲು ಓಡುತ್ತಿದೆ. ಅದು ಬೇಗ ವೇಗ ಹಿಡಿಯುತ್ತದೆ, ಕಾಲರು ವಾಸನೆ ಬರುವುದಿಲ್ಲ, ಫೋನಿನಲ್ಲಿ ಮಾತಾಡಬಹುದು. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಮೆಮುವನ್ನೇ ಹತ್ತುತ್ತೇನೆ. ಇನ್ನೂ ಡೆಮು ಓಡುವ ಊರಿನವರು ಬೇಸಿಗೆಯಲ್ಲಿ ನಡುವಿನ ಡಬ್ಬಿ ಹಿಡಿಯಿರಿ, ಚಳಿಗಾಲದಲ್ಲಿ ಕೊನೆಯದು. ಲೋಟವನ್ನು ಮಾತ್ರ ಮುಕ್ಕಾಲಿಗಿಂತ ಹೆಚ್ಚು ತುಂಬಿಸಬೇಡಿ.