ಮಂತ್ರದಂಡಕ್ಕೆ ಮಿತಿ ಹೇಗಿರಬೇಕು? ನಾವು ಆಡಿ ನೋಡಿದ ನಾಲ್ಕು ನಿಯಮಗಳು

ಫ್ಯಾಂಟಸಿ ರೋಲ್‌ಪ್ಲೇ ಆಟದಲ್ಲಿ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಆಡುವಲ್ಲಿ, ಮಾಂತ್ರಿಕನ ಕೈಗೆ ಒಂದು ವಾಂಡ್ (ಮಂತ್ರದಂಡ) ಕೊಡುವುದು ಸುಲಭ. ಅದು ಎಷ್ಟು ಸಲ ಕೆಲಸ ಮಾಡಬೇಕು ಅಂತ ಗೊತ್ತು ಮಾಡುವುದೇ ಕಷ್ಟ. ಸಡಿಲ ಬಿಟ್ಟರೆ ಕತ್ತಿ ಹಿಡಿದವರಿಗೆ ಕೆಲಸವೇ ಇರುವುದಿಲ್ಲ. ಜಾಸ್ತಿ ಬಿಗಿ ಮಾಡಿದರೆ ವಾಂಡ್ ಚೀಲ ಬಿಟ್ಟು ಹೊರಗೇ ಬರುವುದಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಗುಂಪು ಸೇರುತ್ತದೆ. ಕತೆ ನಡೆಸುವ ಡಿಎಂ ನಾನು. ಲಕ್ಕುಂಡಿಯ ಮುಸುಕಿನ ಬಾವಿಯ ಕೆಳಗೆ ಇನ್ನೊಂದು ಬಾವಿ ಇದೆ, ಅದರ ಕೆಳಗೆ ಮತ್ತೊಂದು, ಹೀಗೆ ಇಳಿಯುತ್ತಾ ಹೋಗುವ ಕತೆ ನಮ್ಮದು. ಅಲ್ಲಿ ಹೋಗಿ ಆ ಮೆಟ್ಟಿಲು, ಗೋಡೆಯ ಪುಟ್ಟ ಗುಡಿಗೂಡುಗಳನ್ನು ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ. ಈ ಒಂದೇ ಕತೆಯಲ್ಲಿ ನಾಲ್ಕು ಬಗೆಯ ವಾಂಡ್ ನಿಯಮ ಹಾಕಿ ಆಡಿದ್ದೇವೆ.

ಮೊದಲು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3ನೇ ಆವೃತ್ತಿಯದು, 2000ನೇ ಇಸವಿಯ ನಿಯಮ. ಹೊಸ ವಾಂಡ್‌ನಲ್ಲಿ 50 ಚಾರ್ಜ್, ಅಂದರೆ 50 ಸಲ ಮಂತ್ರ ಬಿಡಬಹುದು. ಮುಗಿದರೆ ಮುಗಿಯಿತು, ಮತ್ತೆ ತುಂಬುವುದಿಲ್ಲ. ಒಂದನೇ ಹಂತದ ಮಂತ್ರದ್ದಾದರೆ ಬೆಲೆ 750 ಚಿನ್ನದ ನಾಣ್ಯ. ಸಣ್ಣ ಗಾಯ ವಾಸಿ ಮಾಡುವ ವಾಂಡ್ ತಗೊಂಡರೆ ಒಂದು ಚಾರ್ಜ್‌ಗೆ ಬೀಳುವುದು 15 ನಾಣ್ಯ, ಅದಕ್ಕೆ ಸರಾಸರಿ ಐದೂವರೆ ಪಾಯಿಂಟ್ ಆರೋಗ್ಯ ವಾಪಸ್. ಪೂರ್ತಿ ವಾಂಡ್‌ಗೆ 275 ಪಾಯಿಂಟ್. ಇಷ್ಟು ಅಗ್ಗವಾದ ಮೇಲೆ ಗಾಯದ ಭಯ ಎಲ್ಲಿಂದ ಬರಬೇಕು? ಪ್ರತಿ ಜಗಳ ಮುಗಿದ ಕೂಡಲೇ ಎಲ್ಲರೂ ಸಾಲಾಗಿ ನಿಂತು ವಾಂಡ್ ತಾಗಿಸಿಕೊಳ್ಳುತ್ತಿದ್ದರು. ಹಾಳೆಯ ಅಂಚಿನಲ್ಲಿ ಗೀಟು ಎಳೆಯುವುದೇ ಒಂದು ಕೆಲಸ. ನನಗೆ ಇದು ಹಿಡಿಸಲಿಲ್ಲ.

2014ರ 5ನೇ ಆವೃತ್ತಿ ಇದನ್ನು ಪೂರ್ತಿ ಬದಲಿಸಿತು. ಮಾಯಾ ಬಾಣ ಬಿಡುವ ಮ್ಯಾಜಿಕ್ ಮಿಸೈಲ್ ವಾಂಡ್‌ನಲ್ಲಿ 7 ಚಾರ್ಜ್. ಬೆಳಗಾದರೆ 1ಡಿ6+1 ಚಾರ್ಜ್, ಅಂದರೆ 6 ಮುಖದ ಒಂದು ದಾಳದಲ್ಲಿ ಬಿದ್ದಷ್ಟಕ್ಕೆ ಒಂದು ಸೇರಿಸಿ, ವಾಪಸ್ ಬರುತ್ತವೆ. ಕೊನೆಯ ಚಾರ್ಜ್ ಬಳಸಿದರೆ 20 ಮುಖದ ದಾಳ ಹಾಕಬೇಕು, 1 ಬಿದ್ದರೆ ವಾಂಡ್ ಬೂದಿ. ಬೇಕೆಂದರೆ ಏಳೂ ಚಾರ್ಜ್ ಒಂದೇ ಏಟಿಗೆ ಸುರಿದು ಒಂಬತ್ತು ಬಾಣ ಬಿಡಬಹುದು. ಒಂದೊಂದಾಗಿ ಖರ್ಚು ಮಾಡಲಾ, ಒಟ್ಟಿಗೆ ಸುರಿಯಲಾ ಅನ್ನುವ ಯೋಚನೆ ಚೆನ್ನಾಗಿದೆ. ಆದರೆ ನಮ್ಮ ಗುಂಪಿನಲ್ಲಿ ಆರು ಚಾರ್ಜ್ ಆದ ಮೇಲೆ ಯಾರೂ ಮುಂದೆ ಹೋಗಲಿಲ್ಲ. 20ರಲ್ಲಿ ಒಂದು ಪಾಲಿನ ಅಪಾಯ ಅಷ್ಟೇ, ಆದರೂ ಕೈ ಹೋಗಲ್ಲ. ಅಲ್ಲಿಗೆ ಇದು 6 ಚಾರ್ಜಿನ ವಾಂಡ್ ಆಯಿತು, ಅಪಾಯದ ನಿಯಮ ಪುಸ್ತಕದಲ್ಲೇ ಉಳಿಯಿತು. ಇನ್ನೊಂದು ತೊಡಕು ಅಂದರೆ ಬೆಳಗಾಗುವುದು. ಆಟಗಾರರು ಬಾವಿಯೊಳಗೇ ಮಲಗಿ ಬೆಳಗು ಮಾಡಲು ನೋಡುತ್ತಾರೆ. ಕತೆಯಲ್ಲಿ ಆತುರ ಇಲ್ಲದಿದ್ದರೆ ಈ ಮಿತಿ ಮಿತಿಯೇ ಅಲ್ಲ.

2019ರ ಪಾತ್‌ಫೈಂಡರ್ 2ನೇ ಆವೃತ್ತಿಯ ವಾಂಡ್ ದಿನಕ್ಕೆ ಒಂದೇ ಸಲ. ಅದೇ ದಿನ ಎರಡನೇ ಸಲ ಬೇಕೇ ಬೇಕು ಅಂದರೆ ಒತ್ತಾಯದಿಂದ ಬಳಸಬಹುದು. ಮಂತ್ರ ನಡೆಯುತ್ತದೆ. ಆಮೇಲೆ 20 ಮುಖದ ದಾಳ: 10 ಅಥವಾ ಮೇಲೆ ಬಿದ್ದರೆ ವಾಂಡ್ ಮುರಿಯುತ್ತದೆ, ರಿಪೇರಿ ಆಗುತ್ತದೆ. ಕೆಳಗೆ ಬಿದ್ದರೆ ಶಾಶ್ವತವಾಗಿ ಹೋಯಿತು. ಅಂದರೆ ಪೂರ್ತಿ ಕಳೆದುಕೊಳ್ಳುವ ಸಂಭವ 45%. ಇಲ್ಲಿ ಲೆಕ್ಕ ಇಡುವ ಗೋಜೇ ಇಲ್ಲ, ನಿರ್ಧಾರ ಮಾತ್ರ ಇದೆ. ತುಂಬಾ ಒಳ್ಳೆಯ ನಿಯಮ. ಕೊರತೆ ಒಂದೇ: ಉಳಿದ ಹೊತ್ತು ವಾಂಡ್ ಚೀಲದಲ್ಲಿ ಸುಮ್ನೆ ಬಿದ್ದಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 2016ರಲ್ಲಿ ಬಂದ ದಿ ಬ್ಲ್ಯಾಕ್ ಹ್ಯಾಕ್ ಆಟದಲ್ಲಿ ಸವೆಯುವ ಸಾಮಾನುಗಳಿಗೆ ಒಂದು 'ಬಳಕೆ ದಾಳ' ಇದೆ. ಪ್ರತಿ ಸಲ ಬಳಸಿದ ಮೇಲೆ ದಾಳ ಹಾಕಬೇಕು. 1 ಅಥವಾ 2 ಬಿದ್ದರೆ ದಾಳ ಒಂದು ಮೆಟ್ಟಿಲು ಇಳಿಯುತ್ತದೆ: ಡಿ8 (8 ಮುಖದ ದಾಳ) ಹೋಗಿ ಡಿ6, ಅದು ಹೋಗಿ ಡಿ4, ಆಮೇಲೆ ಖಾಲಿ. ಇದನ್ನೇ ವಾಂಡ್‌ಗೆ ಹಾಕಿದೆವು. ಲೆಕ್ಕ ಸರಳ. ಡಿ4 ಸರಾಸರಿ 2 ಸಲ, ಡಿ6 ಒಟ್ಟು 5 ಸಲ, ಡಿ8 ಒಟ್ಟು 9 ಸಲ ಬರುತ್ತದೆ. ಡಿಎಂಗೆ ಅಂದಾಜು ಗೊತ್ತು, ಆಟಗಾರರಿಗೆ ಕೊನೆ ಯಾವಾಗ ಅಂತ ಗೊತ್ತಿಲ್ಲ.

ಗದಗಿನಿಂದ ಬರುವ ಗೆಳತಿಯೊಬ್ಬಳ ಪಾತ್ರದ ಹತ್ತಿರ ನೀರನ್ನು ಮಂಜುಗಡ್ಡೆ ಮಾಡುವ ವಾಂಡ್ ಇತ್ತು. ಜಾಲಿ ಕಟ್ಟಿಗೆಯದು, ತುದಿಗೆ ಹಿತ್ತಾಳೆ ಕಟ್ಟು. ದಾಳ ಇಳಿದಾಗಲೆಲ್ಲ ವಾಂಡ್ ಹೇಗೆ ಕಾಣುತ್ತದೆ ಅಂತ ಹೇಳುವ ಪದ್ಧತಿ ಇಟ್ಟುಕೊಂಡೆ. ಡಿ6ಕ್ಕೆ ಬಂದಾಗ ಕಟ್ಟು ಸಡಿಲವಾಯಿತು. ಡಿ4ಕ್ಕೆ ಬಂದಾಗ ಕಟ್ಟಿಗೆ ಉದ್ದಕ್ಕೂ ಸೀಳಿತು. ಬಾವಿಯ ಮೂರನೇ ಅಂತಸ್ತಿನಲ್ಲಿ ನೀರು ಏರುತ್ತಿದೆ, ಎದೆಮಟ್ಟಕ್ಕೆ ಬಂದಿದೆ. ಅವಳು ಆ ಪುಟ್ಟ ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಳು. ನನ್ನ ತಮ್ಮ ತಡೆಯಲಾರದೆ, "ಇಟ್ಕೊಂಡ್ ಏನ್ ಮಾಡ್ತಿ ಅಕ್ಕಾ, ಹೊಡೀ!" ಅಂದ. ಹೊಡೆದಳು. ನೀರು ಕಲ್ಲಾಯಿತು. ದಾಳ 3 ಬಿತ್ತು, ವಾಂಡ್ ಉಳಿಯಿತು. ಮುಂದಿನ ಸಲ 1 ಬಿದ್ದು ಅದು ಮುರಿದಾಗ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ "ಛೇ" ಅಂದರು. 50 ಚಾರ್ಜಿನ ವಾಂಡ್ ಮುಗಿದಾಗ ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಆದರೆ ವಾಂಡ್ ಒಂದನ್ನೇ ನೋಡಿ ತೀರ್ಮಾನ ಮಾಡಲಾಗುವುದಿಲ್ಲ. ಮಾಂತ್ರಿಕನ ಸ್ವಂತ ಮಂತ್ರಗಳಿಗೆ ಯಾವ ಮಿತಿ ಇದೆ ಅನ್ನುವುದೂ ಮುಖ್ಯ, ಅಲ್ವಾ? 1974ರ ಮೊದಲ ಡಿ ಅಂಡ್ ಡಿಯಿಂದಲೂ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ದಿನಕ್ಕೆ ಇಷ್ಟು ಮಂತ್ರ ಅನ್ನುವ ಲೆಕ್ಕ ಇದೆ. ಒಮ್ಮೆ ಹೇಳಿದ ಮಂತ್ರ ನೆನಪಿನಿಂದ ಅಳಿಸಿಹೋಗುವ ಈ ಕಲ್ಪನೆಯನ್ನು ಆ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ತೆಗೆದುಕೊಂಡಿದ್ದು ಲೇಖಕ ಜ್ಯಾಕ್ ವ್ಯಾನ್ಸ್ ಅವರ ಕತೆಗಳಿಂದ. 5ನೇ ಆವೃತ್ತಿಯಲ್ಲಿ 5ನೇ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದನೇ ಹಂತದ ಸ್ಲಾಟ್ (ಒಂದು ಸ್ಲಾಟ್ ಅಂದರೆ ಒಂದು ಮಂತ್ರದ ಅವಕಾಶ) 4, ಎರಡನೆಯದು 3, ಮೂರನೆಯದು 2. ಅದೇ ಆವೃತ್ತಿಯಲ್ಲಿ ಸ್ಲಾಟ್ ಬದಲು ಪಾಯಿಂಟ್ ಬಳಸುವ ಐಚ್ಛಿಕ ನಿಯಮವೂ ಇದೆ, ಈ ಮಾಂತ್ರಿಕನಿಗೆ 27 ಪಾಯಿಂಟ್. ಅದನ್ನೂ ಆಡಿದೆವು. ಮೂರನೇ ಹಂತದ ಬೆಂಕಿಯುಂಡೆ ಮಂತ್ರ ಫೈರ್‌ಬಾಲ್‌ಗೆ 5 ಪಾಯಿಂಟ್. ಸ್ಲಾಟ್‌ನಲ್ಲಿ ಎರಡು ಫೈರ್‌ಬಾಲ್ ಸಿಗುತ್ತಿದ್ದವನಿಗೆ ಇಲ್ಲಿ ಐದು ಸಿಕ್ಕವು. ಚಿಕ್ಕ ಮಂತ್ರಗಳನ್ನು ಯಾರೂ ಮುಟ್ಟಲಿಲ್ಲ. ಪಾಯಿಂಟ್ ಪದ್ಧತಿ ಬಿಟ್ಟುಬಿಟ್ಟೆವು.

2023ರ ಶ್ಯಾಡೋಡಾರ್ಕ್‌ನಲ್ಲಿ ಮಂತ್ರ ಹೇಳಲು 20 ಮುಖದ ದಾಳವೇ ಹಾಕಬೇಕು. ಗುರಿ 10ಕ್ಕೆ ಮಂತ್ರದ ಹಂತ ಸೇರಿಸಿದಷ್ಟು. ತಪ್ಪಿದರೆ ವಿಶ್ರಾಂತಿ ತೆಗೆದುಕೊಳ್ಳುವ ತನಕ ಆ ಮಂತ್ರ ಇಲ್ಲ. ಬುದ್ಧಿಗೆ +2 ಇದ್ದು ಅದನ್ನು ದಾಳಕ್ಕೆ ಸೇರಿಸಿಕೊಳ್ಳುವವನಿಗೆ ಒಂದನೇ ಹಂತದ ಮಂತ್ರ 60% ಸಲ ಫಲಿಸುತ್ತದೆ. ರೋಮಾಂಚನ ಇದೆ, ನಿಜ. ಆದರೆ ಇದರ ಜೊತೆ ಬಳಕೆ ದಾಳದ ವಾಂಡ್ ಕೊಟ್ಟಾಗ ಮಾಂತ್ರಿಕನ ಕೈಯಲ್ಲಿ ನಂಬುವಂಥದ್ದು ಒಂದೂ ಉಳಿಯಲಿಲ್ಲ. ನನ್ನ ತಮ್ಮ ಕೊನೆಗೆ ಕವಣೆ ಹಿಡಿದು ಕಲ್ಲು ಬೀಸತೊಡಗಿದ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಎರಡರಲ್ಲಿ ಒಂದು ಗಟ್ಟಿಯಾಗಿರಬೇಕು, ಇನ್ನೊಂದು ಅಲುಗಾಡಬೇಕು. ಸ್ವಂತ ಮಂತ್ರ ಸ್ಲಾಟ್ ಲೆಕ್ಕದ್ದಾದರೆ ವಾಂಡ್‌ಗೆ ಬಳಕೆ ದಾಳ ಹಾಕಿ. ಮಂತ್ರಕ್ಕೆ ದಾಳ ಹಾಕುವ ಆಟವಾದರೆ ಪಾತ್‌ಫೈಂಡರ್ ಬಗೆಯ ವಾಂಡ್ ಕೊಡಿ, ದಿನಕ್ಕೆ ಒಂದು ಸಲ ಖಂಡಿತ ನಡೆಯುವಂಥದ್ದು. ಎರಡೂ ಎಣಿಕೆಯಾದರೆ ಆಟ ಹಾಳೆಯ ಮೇಲೆ ನಡೆಯುತ್ತದೆ.

ಬಳಕೆ ದಾಳ ಹಾಕುವವರಿಗೆ ಇನ್ನೆರಡು ಮಾತು. ಹೊಸಬರಿಗೆ ಡಿ6ಕ್ಕಿಂತ ದೊಡ್ಡ ದಾಳದ ವಾಂಡ್ ಬೇಡ, ಐದು ಸಲ ಸಾಕು. ಮತ್ತು ಮುರಿದ ವಾಂಡ್ ಸರಿ ಮಾಡುವ ದಾರಿ ಕತೆಯೊಳಗೇ ಇರಲಿ. ನಮ್ಮ ಕತೆಯಲ್ಲಿ ಕಪ್ಪತಗುಡ್ಡದ ಒಂದು ಬೇರು ತಂದು ಕಟ್ಟಿದರೆ ವಾಂಡ್ ಮತ್ತೆ ಡಿ4 ಆಗುತ್ತದೆ. ಆ ಬೇರಿಗಾಗಿಯೇ ಈಗ ಗುಂಪು ಬಾವಿ ಬಿಟ್ಟು ಗುಡ್ಡ ಹತ್ತಿದೆ.